ಶುಶ್ರೂಷಾ ವಿದ್ಯೆಯೂ ಗಣಕಯಂತ್ರವೂ

ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ವಾರದಲ್ಲಿಯೇ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಒಂದೇ ಚರ್ಚೆ ನಡೆಯುತ್ತದೆ. ಮಗಳನ್ನು ನರ್ಸಿಂಗ್ ಓದಿಸುವುದೋ ಬೇಡವೋ? ಓದಿಸುವುದಾದರೆ ದಾವಣಗೆರೆಗೆ ಕಳಿಸುವುದೋ, ಬಳ್ಳಾರಿಗೋ, ಬೆಂಗಳೂರಿಗೋ? ಮಳೆಯನ್ನೇ ನಂಬಿದ ಈ ನೆಲದ ರೈತ ಕುಟುಂಬಕ್ಕೆ ಶೇಂಗಾ, ಮೆಕ್ಕೆಜೋಳ ಕೈಹಿಡಿದರೆ ಉಂಟು, ಇಲ್ಲವಾದರೆ ಇಲ್ಲ. ಮನೆಯಲ್ಲೊಬ್ಬಳು ಶುಶ್ರೂಷಕಿಯಾದರೆ ತಿಂಗಳು ತಿಂಗಳು ಸಂಬಳ ಕಾಣಬಹುದೆಂಬ ಆಸೆ ಸಹಜವಾದುದು. ಆ ಚರ್ಚೆಯಲ್ಲಿ ಶುಲ್ಕ, ವಸತಿ, ಊಟ, ಬಸ್ಸಿನ ಅನುಕೂಲ ಎಲ್ಲವೂ ಬರುತ್ತವೆ. ಅಲ್ಲಿ ಏನನ್ನು ಕಲಿಸುತ್ತಾರೆ ಎಂಬ ಪ್ರಶ್ನೆ ಮಾತ್ರ ಬರುವುದು ಅಪರೂಪ. ಕಳೆದ ಕೆಲವು ವರ್ಷಗಳಲ್ಲಿ ಆ ಕಲಿಕೆಯ ಸ್ವರೂಪವೇ ಬದಲಾಗಿರುವುದನ್ನು ಓದುಗ ಬಂಧುಗಳ ಗಮನಕ್ಕೆ ತರಬೇಕೆಂದು ಈ ಲೇಖನವನ್ನು ಬರೆದಿದ್ದೇವೆ.

ಭಾರತೀಯ ಶುಶ್ರೂಷಾ ಪರಿಷತ್ತು 1947ರ ಕಾಯಿದೆಯಂತೆ ಹುಟ್ಟಿದ ಸಂಸ್ಥೆ. ಅದು 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಾಠಕ್ರಮವನ್ನು ಪರಿಷ್ಕರಿಸಿ, ವಾರ್ಷಿಕ ಪದ್ಧತಿಯನ್ನು ಕೈಬಿಟ್ಟು, ನಾಲ್ಕು ವರ್ಷಗಳ ಓದನ್ನು ಎಂಟು ಸೆಮಿಸ್ಟರುಗಳಾಗಿ ವಿಂಗಡಿಸಿತು. ಎರಡನೆಯ ಸೆಮಿಸ್ಟರಿನಲ್ಲಿ ಆರೋಗ್ಯ ಮತ್ತು ಶುಶ್ರೂಷಾ ಮಾಹಿತಿ ವಿಜ್ಞಾನ ಹಾಗೂ ತಂತ್ರಜ್ಞಾನ ಎಂಬ ಹೊಸ ವಿಷಯ ಸೇರಿತು. ಅದಕ್ಕೆ 40 ಗಂಟೆಗಳ ಪಾಠ, 40 ಗಂಟೆಗಳ ಪ್ರಯೋಗಶಾಲಾ ಅಭ್ಯಾಸ. ಐದನೆಯ ಸೆಮಿಸ್ಟರಿನಲ್ಲಿ ಶೈಕ್ಷಣಿಕ ತಂತ್ರಜ್ಞಾನ ಎಂಬ ಇನ್ನೊಂದು ವಿಷಯವಿದೆ. ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾದಲ್ಲಿಯೂ ಮೊದಲ ವರ್ಷ ಗಣಕಯಂತ್ರ ಶಿಕ್ಷಣ, ಕೊನೆಯ ವರ್ಷ ಬೋಧನಾ ಪದ್ಧತಿಯ ಪರಿಚಯ ಉಂಟು. 1947ರ ಆ ಕಾಯಿದೆಯ ಸ್ಥಾನದಲ್ಲಿ ರಾಷ್ಟ್ರೀಯ ಆಯೋಗವೊಂದನ್ನು ರಚಿಸುವ ಕಾಯಿದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಮೇಲಿನ ಆಡಳಿತ ಹೇಗೇ ಬದಲಾಗಲಿ, ಗಣಕಯಂತ್ರವನ್ನು ಬಿಟ್ಟು ಶುಶ್ರೂಷೆ ಕಲಿಯುವ ಕಾಲ ಮುಗಿಯಿತೆಂದೇ ತಿಳಿಯಬೇಕು.

ರೋಗಿಯ ಹಣೆ ಮುಟ್ಟಿ ಜ್ವರ ನೋಡುವವಳಿಗೆ ಗಣಕಯಂತ್ರವೇಕೆ ಎಂದು ಹಿರಿಯರು ಕೇಳಬಹುದು. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಮಾಹಿತಿ ವಿಜ್ಞಾನವೆಂದರೆ ಯಂತ್ರವಲ್ಲ. ಯಾವ ರೋಗಿಗೆ, ಯಾವ ಹೊತ್ತಿನಲ್ಲಿ, ಏನು ಕಂಡಿತು, ಏನು ಕೊಟ್ಟೆವು ಎಂಬುದನ್ನು ಕ್ರಮವಾಗಿ ಬರೆದಿಟ್ಟು, ಬರೆದದ್ದನ್ನು ಓದಿ, ಮುಂದಿನ ಹೆಜ್ಜೆಯನ್ನು ನಿರ್ಧರಿಸುವ ವಿದ್ಯೆ ಅದು. ಯಂತ್ರ ಆಮೇಲೆ ಬಂದುದು. 1853ರಿಂದ 1856ರವರೆಗಿನ ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಆರೈಕೆ ಮಾಡಿದ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ದೀಪ ಹಿಡಿದ ಮಾತೆಯೆಂದು ನಮ್ಮ ಶಾಲಾಪುಸ್ತಕಗಳು ಕೊಂಡಾಡಿವೆ. ಅದೇ ಮಹಿಳೆ ಸೈನಿಕರು ಸಾಯುತ್ತಿದ್ದುದು ಗುಂಡೇಟಿಗಿಂತ ಹೆಚ್ಚಾಗಿ ಆಸ್ಪತ್ರೆಯ ಕೊಳಕಿನಿಂದ ಹಬ್ಬುವ ರೋಗಗಳಿಂದ ಎಂಬುದನ್ನು ತಿಂಗಳುವಾರು ಲೆಕ್ಕ ಹಾಕಿ, ಬಣ್ಣದ ವೃತ್ತಚಿತ್ರವಾಗಿ ಬಿಡಿಸಿ, 1858ರಲ್ಲಿ ಬ್ರಿಟಿಷ್ ಸರ್ಕಾರದ ಮುಂದಿಟ್ಟರು. ದೀಪದ ಕಥೆ ಉಳಿಯಿತು, ಲೆಕ್ಕದ ಕಥೆ ಮರೆಯಾಯಿತು. ನಮ್ಮ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ಪ್ರಾಣಗಳನ್ನು ಉಳಿಸಿದ್ದು.

ನಮ್ಮದೇ ಸೀಮೆಯ ಪ್ರಯೋಗ

ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. 2012-13ರ ಸುಮಾರಿಗೆ ಬಳ್ಳಾರಿ ಮತ್ತು ಗುಲ್ಬರ್ಗಾ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗ ನಡೆಯಿತು. ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ತಾಯಿ ಮತ್ತು ಶಿಶುಗಳ ಆರೋಗ್ಯಕ್ಕಾಗಿ ಕೈಗೊಂಡ ‘ಸುಕ್ಷೇಮ’ ಯೋಜನೆಯ ಭಾಗ ಅದು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ ಇದರಲ್ಲಿ ಕೈಜೋಡಿಸಿದ್ದವು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳು ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಕೊಟ್ಟೂರು ಕೂಡ್ಲಿಗಿಯೊಳಗೇ ಇತ್ತು. ಹರಪನಹಳ್ಳಿ ಮಾತ್ರ 1997ರಿಂದ ದಾವಣಗೆರೆಗೆ ಸೇರಿಹೋಗಿದ್ದು, ಬಳ್ಳಾರಿಗೆ ಮರಳಿದ್ದು 2018ರಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಐದೂ ಒಂದೇ ಜಿಲ್ಲೆಯ ನೆರಳಿಗೆ ಬಂದವು.

ಪ್ರಯೋಗದ ವಿಧಾನ ಸರಳ. 108ರಲ್ಲಿ 54 ಕೇಂದ್ರಗಳಿಗೆ ಅನುಭವಿ ಶುಶ್ರೂಷಕಿಯರನ್ನೇ ಮಾರ್ಗದರ್ಶಿಗಳನ್ನಾಗಿ ತರಬೇತುಗೊಳಿಸಿ ಕಳಿಸಿದರು. ಉಳಿದ 54 ಕೇಂದ್ರಗಳು ಹೋಲಿಕೆಗಾಗಿ. ಮಾರ್ಗದರ್ಶಿಯು ಕೆಲವು ತಿಂಗಳಿಗೊಮ್ಮೆ ಬಂದು, ಎರಡು ಮೂರು ದಿನ ಅಲ್ಲಿಯ ಸಿಸ್ಟರುಗಳ ಜೊತೆಗೇ ಇದ್ದು, ಹೆರಿಗೆ ಕೋಣೆಯಲ್ಲಿಯೇ ನಿಂತು ಕಲಿಸುತ್ತಿದ್ದಳು. ಅವಳ ಕೈಯಲ್ಲಿದ್ದ ಮುಖ್ಯ ಸಾಧನ ಗಣಕಯಂತ್ರವಲ್ಲ, ಅಚ್ಚಾದ ಒಂದು ಕೇಸ್ ಶೀಟ್. ಗರ್ಭಿಣಿ ಬಾಗಿಲು ದಾಟಿ ಬಂದ ಗಳಿಗೆಯಿಂದ ಬಾಣಂತಿ ಮನೆಗೆ ಹೊರಡುವವರೆಗೆ ಯಾವ ಹಂತದಲ್ಲಿ ಏನನ್ನು ನೋಡಬೇಕು, ಯಾವ ಅಂಕಿ ಅಪಾಯದ ಸೂಚನೆ, ಆಗ ಏನು ಮಾಡಬೇಕು ಎಂಬುದೆಲ್ಲ ಆ ಹಾಳೆಯಲ್ಲಿಯೇ ಇರುತ್ತಿತ್ತು. ಅದನ್ನು ತುಂಬುತ್ತ ಹೋದರೆ ಬರವಣಿಗೆಯೂ ಆಯಿತು, ನೆನಪಿಸಿದಂತೆಯೂ ಆಯಿತು. ಹಿಂದೆ ಹೆರಿಗೆ ಮುಗಿದ ಮೇಲೆ ರಿಜಿಸ್ಟರಿನಲ್ಲಿ ಒಂದೇ ಸಾಲು ಗೀಚುವ ರೂಢಿಯಿದ್ದಲ್ಲಿ, ಹೆರಿಗೆ ನಡೆಯುತ್ತಿರುವಾಗಲೇ ಬರೆಯುವ ರೂಢಿ ಬಂತು. ಮಾರ್ಗದರ್ಶನ ದೊರೆತ ಕೇಂದ್ರಗಳ ಸಿಸ್ಟರುಗಳಿಗೆ ಹೆರಿಗೆಯ ತೊಡಕುಗಳನ್ನು ಗುರುತಿಸುವ ಮತ್ತು ನಿಭಾಯಿಸುವ ತಿಳಿವಳಿಕೆ ಉಳಿದವರಿಗಿಂತ ಹೆಚ್ಚಿತ್ತೆಂದೂ, ಆ ಕೇಂದ್ರಗಳು ಔಷಧಿ ಸಲಕರಣೆಗಳಲ್ಲಿ ಹೆಚ್ಚು ಸಿದ್ಧವಾಗಿದ್ದವೆಂದೂ ಅಧ್ಯಯನ ತೋರಿಸಿತು.

ಯಂತ್ರವಿಲ್ಲದ ಮಾಹಿತಿ ವಿಜ್ಞಾನ ಎಂದರೆ ಇದೇ. ಬಹುಕಾಲದಿಂದ ಬಳಕೆಯಲ್ಲಿರುವ ಹೆರಿಗೆ ನಕ್ಷೆಯನ್ನೇ ನೋಡಿರಿ; ಸಿಸ್ಟರುಗಳು ಅದನ್ನು ಪಾರ್ಟೋಗ್ರಾಫ್ ಎನ್ನುತ್ತಾರೆ. ಚೌಕಗಳ ಹಾಳೆಯ ಮೇಲೆ ಎರಡು ಓರೆ ಗೆರೆಗಳು. ಗರ್ಭದ್ವಾರ ತೆರೆದ ಅಳತೆಯನ್ನು ಗಂಟೆಯ ಲೆಕ್ಕದಲ್ಲಿ ಗುರುತಿಸುತ್ತ ಹೋದಾಗ, ಗುರುತು ಮೊದಲ ಗೆರೆಯನ್ನು ದಾಟಿ ಬಲಕ್ಕೆ ಸರಿದರೆ ಎಚ್ಚರ; ಅಲ್ಲಿಂದ ನಾಲ್ಕು ಗಂಟೆಯ ಅಂತರದಲ್ಲಿರುವ ಎರಡನೆಯ ಗೆರೆಯನ್ನು ಮುಟ್ಟಿದರೆ ಇನ್ನು ಕಾಯುವಂತಿಲ್ಲ. ಗುಡೇಕೋಟೆ ಕಡೆಯ ಹಳ್ಳಿಯಿಂದ ಬಳ್ಳಾರಿಗೆ, ಉಚ್ಚಂಗಿದುರ್ಗದ ಕಡೆಯಿಂದ ದಾವಣಗೆರೆಗೆ ಆಂಬುಲೆನ್ಸ್ ಹೋಗಿ ಮುಟ್ಟುವಷ್ಟರಲ್ಲಿ ಎಷ್ಟು ಹೊತ್ತು ಹಿಡಿಯುವುದೆಂಬುದು ನಮ್ಮವರಿಗೆ ಗೊತ್ತು. ಆ ಹೊತ್ತನ್ನು ಮೊದಲೇ ಕೊಡುವುದು ಆ ಎರಡು ಗೆರೆಗಳು.

ಲಿಂಗಾಯತ ಸಮಾಜದ ಹೆಮ್ಮೆಯಾದ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯನ್ನು 1916ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದರು. ಅದರ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಈ ಬಗೆಯ ಕೆಲಸದಲ್ಲಿ ದೊಡ್ಡ ಹೆಸರು ಗಳಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ತಪಶೀಲು ಪಟ್ಟಿಯನ್ನು ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ಪರೀಕ್ಷಿಸಿದಾಗ ಅಲ್ಲಿಯ ವೈದ್ಯರೂ ಭಾಗಿಯಾಗಿದ್ದರು. ಪಟ್ಟಿ ಬರುವ ಮೊದಲು ಪ್ರತಿ ಹೆರಿಗೆಯಲ್ಲಿ ಮಾಡಬೇಕಾದ 29 ಅಂಶಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ ಅದು 25ಕ್ಕೆ ಏರಿತೆಂದು 2012ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಮುಂದೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಗರ್ಭಿಣಿಯರ ರಕ್ತದೊತ್ತಡದ ಅಪಾಯವನ್ನು ಗುರುತಿಸಲು ಆರೋಗ್ಯ ಸಹಾಯಕಿಯರಿಗೆ ಮತ್ತು ಆಶಾ ಕಾರ್ಯಕರ್ತೆಯರಿಗೆ ಮೊಬೈಲ್ ಆ್ಯಪ್ ಕೊಟ್ಟು ಪರೀಕ್ಷಿಸಿದ್ದೂ ಇದೇ ಕಾಲೇಜು.

ಇಷ್ಟಕ್ಕೇ ನಿಲ್ಲಿಸಿದರೆ ಪ್ರಚಾರವಾದೀತು. ಅದೇ ತಪಶೀಲು ಪಟ್ಟಿಯನ್ನು ಉತ್ತರ ಪ್ರದೇಶದಲ್ಲಿ ಒಂದೂವರೆ ಲಕ್ಷಕ್ಕೂ ಮೀರಿದ ಹೆರಿಗೆಗಳಲ್ಲಿ ಪರೀಕ್ಷಿಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಶುಶ್ರೂಷಕಿಯರ ರೂಢಿ ಸುಧಾರಿಸಿತು, ಆದರೆ ತಾಯಿ ಮತ್ತು ಶಿಶುಗಳ ಸಾವು ಗಮನಾರ್ಹವಾಗಿ ಇಳಿಯಲಿಲ್ಲ. ಕಲಿಸುವವರು ಬಂದುಹೋಗುತ್ತಿದ್ದ ಎರಡನೆಯ ತಿಂಗಳಲ್ಲಿ ನೂರಕ್ಕೆ ಸುಮಾರು 73ರಷ್ಟು ಪಾಲನೆಯಾಗುತ್ತಿದ್ದುದು, ಅವರು ಬರುವುದನ್ನು ನಿಲ್ಲಿಸಿದ ಮೇಲೆ, ಹನ್ನೆರಡನೆಯ ತಿಂಗಳಿಗೆ ಸುಮಾರು 62ಕ್ಕೆ ಇಳಿಯಿತು. ಪಟ್ಟಿಯಾಗಲಿ ಆ್ಯಪ್ ಆಗಲಿ ತಾನೇ ತಾನಾಗಿ ಯಾರನ್ನೂ ಉಳಿಸದು. ರಕ್ತ ಬೇಕಾದಾಗ ರಕ್ತ, ಶಸ್ತ್ರಚಿಕಿತ್ಸೆ ಬೇಕಾದಾಗ ವೈದ್ಯರು ಇರಲೇಬೇಕು. ಕಲಿಸಿದವರು ಮತ್ತೆ ಮತ್ತೆ ಬಂದು ಕೇಳುತ್ತಿರಲೇಬೇಕು.

ಹನಿಯ ಲೆಕ್ಕ

ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿನಿ ಏನನ್ನು ಅಭ್ಯಾಸ ಮಾಡುತ್ತಾಳೆಂಬುದಕ್ಕೆ ಒಂದೇ ನಿದರ್ಶನ ಸಾಕು. 500 ಮಿಲಿಲೀಟರ್ ಸಲೈನ್ ಅನ್ನು ನಾಲ್ಕು ಗಂಟೆಯಲ್ಲಿ ಏರಿಸಬೇಕೆಂದು ವೈದ್ಯರು ಬರೆದಿದ್ದಾರೆಂದು ಭಾವಿಸಿರಿ. ಬಳಸುವ ನಳಿಕೆಯಲ್ಲಿ 20 ಹನಿಗೆ ಒಂದು ಮಿಲಿಲೀಟರ್. 500ನ್ನು 20ರಿಂದ ಗುಣಿಸಿದರೆ 10,000 ಹನಿ; ನಾಲ್ಕು ಗಂಟೆಗೆ 240 ನಿಮಿಷ; ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಮಕ್ಕಳಿಗೆ ಬಳಸುವ ಸಣ್ಣ ನಳಿಕೆಯಲ್ಲಿಯಾದರೋ 60 ಹನಿಗೆ ಒಂದು ಮಿಲಿಲೀಟರ್. ಸಣ್ಣ ನಳಿಕೆಗೆ ಮಾಡಿದ ಲೆಕ್ಕವನ್ನು ದೊಡ್ಡ ನಳಿಕೆಗೆ ಹಚ್ಚಿದರೆ ಮಗುವಿನ ಮೈಗೆ ಮೂರು ಪಟ್ಟು ನೀರು ಹೋಗುತ್ತದೆ. ಇಂಥ ತಪ್ಪನ್ನು ಜೀವಂತ ಮಗುವಿನ ಮೇಲೆ ಮಾಡಿ ಕಲಿಯುವಂತಿಲ್ಲ. ಆದ್ದರಿಂದಲೇ ಕೌಶಲ ಪ್ರಯೋಗಶಾಲೆಗಳಲ್ಲಿ ಮನುಷ್ಯಾಕೃತಿಯ ಬೊಂಬೆಗಳನ್ನು ಇಡುತ್ತಾರೆ. ಹುಟ್ಟಿದ ಕೂಡಲೇ ಅಳದ ಶಿಶುವಿಗೆ ಮೊದಲ ಒಂದು ನಿಮಿಷದೊಳಗೆ ಉಸಿರಾಟ ಕೊಡಿಸುವ ವಿಧಾನವನ್ನು 2009ರಲ್ಲಿ ಆರಂಭವಾದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದಡಿ ಬೊಂಬೆಯ ಮೇಲೆಯೇ ಕಲಿಸಲಾಗುತ್ತಿದೆ. ಬೊಂಬೆ ಗಾಜಿನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿದ್ದರೆ ಮಾತ್ರ ಯಾರಿಗೂ ಪ್ರಯೋಜನವಿಲ್ಲ.

ಬರವಣಿಗೆಯ ಬೆಲೆ ಎಷ್ಟೆಂಬುದನ್ನು 2024ರ ನವೆಂಬರ್ ತಿಂಗಳು ನಮ್ಮ ಭಾಗಕ್ಕೆ ಕಠೋರವಾಗಿ ತೋರಿಸಿತು. ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅವರಿಗೆ ಏರಿಸಿದ್ದ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು, ಸರ್ಕಾರ ಅದರ ಬಳಕೆಯನ್ನು ನಿಲ್ಲಿಸಿತು. ಯಾವ ಬ್ಯಾಚಿನ ಬಾಟಲಿ ಯಾರಿಗೆ, ಎಷ್ಟು ಹೊತ್ತಿಗೆ ಹೋಯಿತೆಂಬುದು ಇಂಥ ವಿಚಾರಣೆಯ ಮೊದಲ ಪ್ರಶ್ನೆ. ಆ ಸಂಖ್ಯೆಯನ್ನು ಬರೆಯಬೇಕಾದವಳು ಬಾಟಲಿ ತೂಗುಹಾಕುವ ಶುಶ್ರೂಷಕಿ. ಗಣಕಯಂತ್ರದಲ್ಲಿ ದಾಖಲಾಗಿದ್ದರೆ ಒಂದೇ ಬ್ಯಾಚನ್ನು ಪಡೆದ ಎಲ್ಲರನ್ನೂ ಕೆಲವೇ ನಿಮಿಷಗಳಲ್ಲಿ ಹುಡುಕಬಹುದು. ಕಾಗದದಲ್ಲಿದ್ದರೆ ಕಟ್ಟು ಬಿಚ್ಚಬೇಕು. ಎಲ್ಲಿಯೂ ಬರೆಯದಿದ್ದರೆ ಹುಡುಕುವ ಮಾತೇ ಇಲ್ಲ.

ಗುಳೆ ಹೋದ ಗರ್ಭಿಣಿ

ನಮ್ಮ ಐದು ತಾಲ್ಲೂಕುಗಳ ಹಳ್ಳಿ, ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಕಬ್ಬು ಕಟಾವಿಗೆ, ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳುಂಟು. ಆರು ತಿಂಗಳ ಬಸುರಿ ಊರು ಬಿಟ್ಟಳೆಂದರೆ ಅವಳ ರಕ್ತಹೀನತೆಯ ಲೆಕ್ಕ ಊರಿನ ರಿಜಿಸ್ಟರಿನಲ್ಲಿಯೇ ಉಳಿಯುತ್ತಿತ್ತು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಗರ್ಭಿಣಿಗೆ ರಕ್ತಹೀನತೆ; 7ಕ್ಕಿಂತ ಕೆಳಗಿಳಿದರೆ ತೀವ್ರ ಅಪಾಯ. ಹೊಸ ಊರಿನ ಸಿಸ್ಟರಿಗೆ ಇದು ತಿಳಿಯುವುದು ಹೇಗೆ? ತಾಯಿ ಕಾರ್ಡು ಜೊತೆಯಲ್ಲಿದ್ದರೆ ಸರಿ. ಗುಡಿಸಲಿನ ಮಳೆಯಲ್ಲಿ ನೆನೆದುಹೋಗಿದ್ದರೆ ಎಲ್ಲ ಮೊದಲಿನಿಂದ.

ಇದಕ್ಕಾಗಿಯೇ 2009ರ ಕೊನೆಗೆ ದೇಶದಲ್ಲಿ ತಾಯಿ ಮತ್ತು ಮಗುವಿನ ಜಾಡು ಇಡುವ ಗಣಕ ವ್ಯವಸ್ಥೆ ಆರಂಭವಾಯಿತು. ಅದು ಬೆಳೆದು ಆರ್.ಸಿ.ಎಚ್. ಪೋರ್ಟಲ್ ಆಯಿತು, ಪ್ರತಿ ಗರ್ಭಿಣಿಗೂ 12 ಅಂಕಿಯ ಒಂದು ಗುರುತಿನ ಸಂಖ್ಯೆ ಬಂತು. ಆರೋಗ್ಯ ಸಹಾಯಕಿಯರು ಮನೆಬಾಗಿಲಲ್ಲಿಯೇ ಮಾಹಿತಿ ತುಂಬಲೆಂದು ‘ಅನ್ಮೋಲ್’ ಎಂಬ ಟ್ಯಾಬ್ಲೆಟ್ ಆ್ಯಪ್ 2016ರಲ್ಲಿ ನೆರೆಯ ಆಂಧ್ರಪ್ರದೇಶದಲ್ಲಿ ಮೊದಲಾಯಿತು. ಮಕ್ಕಳ ಲಸಿಕೆಯ ದಾಖಲೆಯನ್ನು ದೇಶದ ಯಾವ ಮೂಲೆಯಲ್ಲಾದರೂ ನೋಡಲು ಸಾಧ್ಯವಾಗಿಸುವ ‘ಯು-ವಿನ್’ 2023ರಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ವೈದ್ಯರಿಲ್ಲದ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯು ‘ಇ-ಸಂಜೀವಿನಿ’ಯ ಮೂಲಕ ದೂರದ ವೈದ್ಯರಿಗೆ ರೋಗಿಯನ್ನು ತೋರಿಸುತ್ತಾಳೆ. ಆ ಹುದ್ದೆಗಳಲ್ಲಿರುವವರಲ್ಲಿ ಬಹುಪಾಲು ಬಿ.ಎಸ್ಸಿ. ನರ್ಸಿಂಗ್ ಓದಿದವರೇ. ಆಸ್ಪತ್ರೆಯ ವಾರ್ಡು ಬಿಟ್ಟರೆ ಬೇರೆ ಗತಿಯಿಲ್ಲವೆಂದುಕೊಂಡಿದ್ದ ಹೆಣ್ಣುಮಕ್ಕಳಿಗೆ ಸ್ವಂತ ಸೀಮೆಯ ಹಳ್ಳಿಯಲ್ಲಿಯೇ ಜವಾಬ್ದಾರಿಯ ಸ್ಥಾನ ದೊರೆಯುವಂತಾದುದು ಈ ವಿದ್ಯೆಯಿಂದ.

ಆದರೆ ಕಷ್ಟವನ್ನೂ ಹೇಳಬೇಕು. ಟ್ಯಾಬ್ಲೆಟ್ ಬಂದಿತೆಂದು ಹಳೆಯ ರಿಜಿಸ್ಟರುಗಳು ಹೋಗಲಿಲ್ಲ. ಹಗಲು ಮನೆ ಮನೆ ತಿರುಗಿ ಪುಸ್ತಕದಲ್ಲಿ ಬರೆದದ್ದನ್ನು ರಾತ್ರಿ ನೆಟ್‌ವರ್ಕ್ ಸಿಕ್ಕ ಮೇಲೆ ಮತ್ತೆ ಆ್ಯಪಿನಲ್ಲಿ ತುಂಬುವ ಎರಡೆರಡು ಕೆಲಸ ಎಷ್ಟೋ ಸಹಾಯಕಿಯರ ಪಾಲಿಗಿದೆ. ಮೇಲಿನವರು ಕೇಳುವುದು ಎಷ್ಟು ಎಂಟ್ರಿ ಆಯಿತೆಂದೇ ಹೊರತು ಆ ಅಂಕಿಯಿಂದ ಯಾವ ತಾಯಿಗೆ ಏನು ಉಪಯೋಗವಾಯಿತೆಂದಲ್ಲ. ಇದನ್ನು ನಾವು ಅನ್ಯಾಯವೆಂದೇ ಕರೆಯುತ್ತೇವೆ. ಒಂದು ಮಾಹಿತಿಯನ್ನು ಒಮ್ಮೆ ಮಾತ್ರ ಬರೆಯಿಸುವುದು ಮಾಹಿತಿ ವಿಜ್ಞಾನದ ಮೊದಲ ಪಾಠ. ವ್ಯವಸ್ಥೆ ರೂಪಿಸಿದವರೇ ಅದನ್ನು ಮರೆತಿದ್ದಾರೆ.

ಗುಟ್ಟಿನ ಮಾತೂ ಒಂದಿದೆ. ರೋಗಿಯ ಹೆಸರು, ರೋಗ, ಪರೀಕ್ಷೆಯ ಚೀಟಿ ಇವನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಈಗ ಸಲೀಸು. ಎಲ್ಲರಿಗೂ ಎಲ್ಲರ ಪರಿಚಯವಿರುವ ನಮ್ಮ ಊರುಗಳಲ್ಲಿ ಒಂದು ಚಿತ್ರ ಹೊರಬಿದ್ದರೆ ಒಬ್ಬ ಹೆಣ್ಣುಮಗಳ ಮದುವೆಯೇ ಮುರಿದೀತು. ರೋಗಿಯ ಮಾಹಿತಿಯನ್ನು ಕಾಯುವ ಕಾನೂನು, ನೀತಿಗಳ ಪಾಠವೂ ಎರಡನೆಯ ಸೆಮಿಸ್ಟರಿನ ಆ ವಿಷಯದಲ್ಲಿಯೇ ಇದೆ. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದು 2023ರಲ್ಲಿ ದೇಶದಲ್ಲಿ ಪ್ರತ್ಯೇಕ ಕಾಯಿದೆಯೂ ಆಗಿದೆ.

ಶೈಕ್ಷಣಿಕ ತಂತ್ರಜ್ಞಾನವೆಂಬ ಹೆಸರು ಕೇಳಿ ಬರೀ ಪ್ರೊಜೆಕ್ಟರ್, ಪರದೆ ಎಂದುಕೊಳ್ಳಬಾರದು. ಕಲಿಸುವುದು ಹೇಗೆಂಬ ವಿದ್ಯೆ ಅದು. ಬಾಣಂತಿಗೆ ಮೊಲೆಹಾಲಿನ ಮಹತ್ವ, ಸಕ್ಕರೆ ಕಾಯಿಲೆಯ ಅಜ್ಜನಿಗೆ ಊಟದ ಪಥ್ಯ, ಕ್ಷಯದ ರೋಗಿಗೆ ಮಾತ್ರೆ ಬಿಡದಿರುವ ಎಚ್ಚರ ಇವನ್ನು ಮನಸ್ಸಿಗೆ ನಾಟುವಂತೆ ಹೇಳಬೇಕಾದವಳು ಶುಶ್ರೂಷಕಿಯೇ. ಚಿತ್ರಪಟ, ಬೊಂಬೆಯಾಟ, ಕಿರುಚಿತ್ರ ಯಾವುದಾದರೂ ಆದೀತು. ಮೈಲಾರದ ಕಾರಣಿಕಕ್ಕೆ, ಕೊಟ್ಟೂರಿನ ತೇರಿಗೆ ಸೇರುವ ಜನಸ್ತೋಮಕ್ಕೆ ಇಂಗ್ಲಿಷಿನ ಫಲಕ ತೋರಿಸಿ ಫಲವಿಲ್ಲವೆಂಬುದನ್ನು ತಿಳಿದವಳೇ ನಿಜವಾಗಿ ಈ ವಿಷಯದಲ್ಲಿ ಉತ್ತೀರ್ಣಳಾದವಳು.

ಇಂಗ್ಲಿಷಿನ ಮಾತು ಬಂದುದರಿಂದ ಹೇಳುತ್ತೇವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಹುಡುಗಿಯರಿಗೆ ಮೊದಲ ವರ್ಷದ ದೊಡ್ಡ ಭಯ ರಕ್ತವೂ ಅಲ್ಲ, ಶವವೂ ಅಲ್ಲ. ಇಂಗ್ಲಿಷ್ ಮತ್ತು ಕೀಲಿಮಣೆ. ಕೈಯಲ್ಲಿ ಮೊಬೈಲ್ ಇದ್ದ ಮಾತ್ರಕ್ಕೆ ಗಣಕಯಂತ್ರ ಬಂದಂತಾಗುವುದಿಲ್ಲ. ಪಿ.ಯು.ಸಿ. ಮುಗಿದು ಕಾಲೇಜು ತೆರೆಯುವವರೆಗಿನ ಎರಡು ತಿಂಗಳು ಟೈಪಿಂಗ್, ಕೋಷ್ಟಕದಲ್ಲಿ ಅಂಕಿ ತುಂಬುವುದು, ಪಾಸ್‌ವರ್ಡ್ ಕಾಪಾಡುವುದು ಇಷ್ಟನ್ನು ರೂಢಿಸಿಕೊಂಡರೂ ಅರ್ಧ ಭಯ ಹೋಗುತ್ತದೆ. ಮಠಗಳ ಉಚಿತ ಪ್ರಸಾದ ನಿಲಯಗಳು ನಾಡಿನ ಎಷ್ಟೋ ತಲೆಮಾರಿನ ಬಡ ಮಕ್ಕಳಿಗೆ ಅನ್ನ, ಆಸರೆ ಕೊಟ್ಟು ಓದಿಸಿವೆ. ಅಲ್ಲಿ ನಾಲ್ಕು ಗಣಕಯಂತ್ರಗಳನ್ನು ಇರಿಸಿ, ಬೇಸಿಗೆಯಲ್ಲಿ ಹೆಣ್ಣುಮಕ್ಕಳಿಗೆ ತೆರೆದಿಡುವುದು ಈ ಕಾಲದ ದಾಸೋಹವಾಗಬಲ್ಲದು. ಮದುವೆ, ಗುರುಪ್ರವೇಶಗಳ ನೆನಪಿಗೆ ಗಡಿಯಾರ, ಫ್ಯಾನು ಕಾಣಿಕೆ ಕೊಡುವ ಭಕ್ತರು ಇದನ್ನೂ ಯೋಚಿಸಬಹುದು.

ಇನ್ನು ತಂದೆತಾಯಿಗಳಿಗೆ ಕೆಲವು ಮಾತು. ಬಿ.ಎಸ್ಸಿ. ನರ್ಸಿಂಗಿಗೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು; ಪ್ರವೇಶ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿ.ಇ.ಟಿ. ಮೂಲಕ. ಜಿ.ಎನ್.ಎಂ.ಗೆ ಕಲಾ ವಿಭಾಗದವರೂ ಇಂಗ್ಲಿಷ್ ಓದಿ ನೂರಕ್ಕೆ 40 ಅಂಕ ಪಡೆದಿದ್ದರೆ ಅರ್ಹರು. ಏಜೆಂಟರ ಮಾತು ಕೇಳಿ ಹಣ ಕಟ್ಟುವ ಮೊದಲು ಕಾಲೇಜಿಗೆ ಒಮ್ಮೆ ಹೋಗಿ ಬನ್ನಿರಿ. ಐವರು ವಿದ್ಯಾರ್ಥಿಗಳಿಗೆ ಒಂದು ಗಣಕಯಂತ್ರ ಇರಬೇಕೆಂಬುದು ಪರಿಷತ್ತು ನಿಗದಿಪಡಿಸಿದ ಮಾನದಂಡ. ಪ್ರಯೋಗಶಾಲೆಯ ಬಾಗಿಲು ತೆಗೆಸಿ ಎಣಿಸಿರಿ. ಅವು ಚಾಲೂ ಇವೆಯೇ ಎಂದು ನೋಡಿರಿ. ಅಲ್ಲಿಯ ಹಿರಿಯ ವಿದ್ಯಾರ್ಥಿನಿಯರನ್ನು ಪಕ್ಕಕ್ಕೆ ಕರೆದು, ವಾರಕ್ಕೆ ಎಷ್ಟು ಸಲ ಒಳಗೆ ಬಿಡುತ್ತಾರೆಂದು ಕೇಳಿರಿ. ಅಭ್ಯಾಸಕ್ಕೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ನಿತ್ಯ ರೋಗಿಗಳಿರುತ್ತಾರೆಯೇ ಎಂಬುದನ್ನೂ ವಿಚಾರಿಸಿರಿ. ಸಂವಿಧಾನದ 371 (ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದವರಿಗೆ ಓದಿನಲ್ಲಿಯೂ ಸರ್ಕಾರಿ ನೇಮಕಾತಿಯಲ್ಲಿಯೂ ಮೀಸಲಾತಿಯುಂಟು. ಹರಪನಹಳ್ಳಿಯೂ ಸೇರಿ ನಮ್ಮ ಐದೂ ತಾಲ್ಲೂಕುಗಳಿಗೆ ಇದು ಅನ್ವಯಿಸುತ್ತದೆ. ಅದರ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಅರ್ಜಿ ಹಾಕುವ ಗಡಿಬಿಡಿಗೆ ಮುಂಚೆಯೇ, ಮಗಳು ಪಿ.ಯು.ಸಿ. ಓದುತ್ತಿರುವಾಗಲೇ ಪಡೆದಿಟ್ಟುಕೊಳ್ಳಿರಿ.